ಮೊಬೈಲಿನ್ಯಾಗ ಕಾಣತಾವಲ್ಲ, ಹೋಗೂದ್ಯಾಕ?

ಪ್ರಶ್ನೆ: ಸರ್, ನಾನು ಇಳಕಲ್ಲಿನವಳು. ಮನೆಯಲ್ಲಿ ಮಗ್ಗದ ಕೆಲಸ ನೋಡಿಕೊಂಡು ದೂರಶಿಕ್ಷಣದಲ್ಲಿ ಕಲಾ ಪದವಿ ಓದುತ್ತಿದ್ದೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಏಳು ಜನ ನಾವು ಫೋಟೊಗ್ರಫಿ ತೆಗೆದುಕೊಂಡಿದ್ದೇವೆ. ಸಂಪರ್ಕ ತರಗತಿ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರೂ ಸೇರಿ ಒಂದು ಫೋಟೊ ಉತ್ಸವಕ್ಕೆ ಹೋಗಿಬರಬೇಕೆಂದಿದ್ದೇವೆ. ಮನೆಯಲ್ಲಿ ಕೇಳಿದರೆ, “ಫೋಟೊ ನೋಡಾಕ ಅಷ್ಟ ದೂರ ಯಾಕ ಹೋಗಬೇಕು? ಮೊಬೈಲಿನ್ಯಾಗ ಕಾಣತಾವಲ್ಲ” ಅಂದರು. ನನಗೂ ಉತ್ತರ ಹೊಳೆಯಲಿಲ್ಲ. ಹೋಗುವುದು ಸರಿಯೇ? ಎಲ್ಲಿಗೆ? ಹೋಗಿ ಏನು ಮಾಡಬೇಕು?

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ತಂಗಿ, ಅದು ಉಡಾಫೆಯ ಪ್ರಶ್ನೆಯಲ್ಲ. ನೇಯುವ ಮನೆ ನಿಮ್ಮದು. ಸೀರೆಯನ್ನು ಮೊಬೈಲಿನಲ್ಲಿ ನೋಡಿ ತರಿಸಿಕೊಂಡವರು ಪೊಟ್ಟಣ ಬಿಚ್ಚಿ, ಸೆರಗಿನ ಮೇಲೆ ಕೈಯಾಡಿಸಿ, “ನಾ ನೋಡಿದ್ದು ಇದಲ್ಲ” ಅಂದದ್ದನ್ನು ಅವರು ಎಷ್ಟು ಸಲ ಕೇಳಿಲ್ಲ? ಫೋಟೊ ಕೂಡ ಹಾಗೇ ಒಂದು ವಸ್ತು. ಅದಕ್ಕೆ ಅಳತೆ ಇದೆ, ಮೈ ಇದೆ, ನೇತುಹಾಕಿದ ಜಾಗ ಇದೆ.

ಮೊಬೈಲಿನಲ್ಲಿ ಎಲ್ಲ ಫೋಟೊಗಳೂ ಅಂಗೈ ಅಗಲ. ಗೋಡೆಯ ಮೇಲೆ ಒಂದು ಅಂಚೆಕಾರ್ಡಿನಷ್ಟು, ಪಕ್ಕದ್ದು ಬಾಗಿಲಿನಷ್ಟು. ಸಣ್ಣದನ್ನು ನೋಡಲು ನೀವು ಬಗ್ಗಬೇಕು, ದೊಡ್ಡದಕ್ಕೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ನೋಡುವವರು ಎಲ್ಲಿ ಬಗ್ಗಬೇಕು, ಎಲ್ಲಿ ಸರಿಯಬೇಕು ಎಂಬುದನ್ನು ತೆಗೆದವರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಪರದೆಯ ಮೇಲಿನ ಚಿತ್ರ ತಾನೇ ಬೆಳಕು ಬೀರುತ್ತದೆ. ಮ್ಯಾಟ್ ಅಂದರೆ ಹೊಳಪಿಲ್ಲದ ಕಾಗದದ ಕಪ್ಪು ಬೆಳಕನ್ನು ನುಂಗಿಕೊಂಡು ಸುಮ್ಮನಿರುತ್ತದೆ. ಗಾಜು ಹಾಕಿದ ಚೌಕಟ್ಟಿನ ಕಪ್ಪಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಇಷ್ಟನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆಯಬಹುದು. ಕಣ್ಣಿಗೆ ಬರುವುದು ಮಾತ್ರ ಎದುರು ನಿಂತಾಗ.

ಇದು ಅರ್ಧ ಉತ್ತರ. ಇಷ್ಟೇ ಆಗಿದ್ದರೆ ಒಬ್ಬರೇ ಹೋಗಿಬಂದರೂ ನಡೆಯುತ್ತಿತ್ತು. ಗುಂಪಾಗಿ ಹೋಗಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಬೇರೆ ಕಾರಣವಿದೆ. ಕಾಲೇಜಿಗೆ ಹೋಗಿ ಓದುವ ಹುಡುಗರು ಮೂರ್ನಾಲ್ಕು ವರ್ಷ ಪಕ್ಕದವರ ಕೆಲಸ ನೋಡುತ್ತ, ಪಕ್ಕದವರನ್ನು ಮೇಷ್ಟ್ರು ಬೈಯುವುದನ್ನು ಕೇಳುತ್ತ ಕಲಿಯುತ್ತಾರೆ. ತಮ್ಮ ತಪ್ಪಿನಷ್ಟೇ ಬೇರೆಯವರ ತಪ್ಪಿನಿಂದಲೂ ಅವರಿಗೆ ಪಾಠ. ನಿಮಗೆ ಸಿಗುವುದು ಅಸೈನ್‌ಮೆಂಟಿನ ಕೊನೆಯಲ್ಲಿ ಎರಡು ಸಾಲು ಕೆಂಪು ಶಾಯಿ, ಅದೂ ನಿಮ್ಮದರ ಮೇಲೆ ಮಾತ್ರ. ಬೆಳಗಾವಿಯ ಗೆಳತಿ ಹೇಗೆ ನೋಡುತ್ತಾಳೆ ಎಂಬುದು ನಿಮಗೆ ಗೊತ್ತಾಗುವ ದಾರಿಯೇ ಇಲ್ಲ. ಏಳು ಜನ ಒಂದೇ ಚಿತ್ರದ ಮುಂದೆ ನಿಂತು, ಏಳು ಜನಕ್ಕೂ ಬೇರೆಬೇರೆ ಕಂಡಿತು ಎಂದು ತಿಳಿದು ಜಗಳಾಡುವುದು ಇದೆಯಲ್ಲ, ದೂರಶಿಕ್ಷಣದಲ್ಲಿ ಕೈತಪ್ಪಿಹೋಗುವುದು ಅದೇ. ಬ್ರಿಟನ್ನಿನಲ್ಲಿ ಮೈಕೇಲ್ ಯಂಗ್ 1987ರಲ್ಲಿ ಶುರುಮಾಡಿದ ಓಪನ್ ಕಾಲೇಜ್ ಆಫ್ ದಿ ಆರ್ಟ್ಸ್, ಅಂಚೆಯಲ್ಲೇ ಕಲೆ ಕಲಿಸಲು ಹೊರಟ ಸಂಸ್ಥೆ. ಅಂಥದ್ದೂ ತನ್ನ ವಿದ್ಯಾರ್ಥಿಗಳನ್ನು ಆಗಾಗ ಒಂದು ಪ್ರದರ್ಶನಕ್ಕೆ ಕರೆದು ಕೂಡಿಸುವ ಪದ್ಧತಿ ಇಟ್ಟುಕೊಂಡಿತು.

ಈ ಮಾತು ನಾನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷಗಳ ಹಿಂದೆ 22 ಜನರನ್ನು ಕಟ್ಟಿಕೊಂಡು ಒಂದು ದೊಡ್ಡ ಊರಿನ ಉತ್ಸವಕ್ಕೆ ಹೋಗಿದ್ದೆ. ಕೈಯಲ್ಲಿ ಪಟ್ಟಿ, ಮುಂದೆ ನಾನು, ಹಿಂದೆ ಕುರಿಮಂದೆಯ ಹಾಗೆ ಅವರು. ಎರಡು ದಿನದಲ್ಲಿ ಒಂದೂ ಬಿಡದೆ ಎಲ್ಲ ಪ್ರದರ್ಶನ ತೋರಿಸಿದೆ. ಎರಡನೇ ದಿನ ಸಂಜೆ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಕೂತು, ಯಾವ ಚಿತ್ರ ನೆನಪಿದೆ ಹೇಳಿ ಅಂದೆ. ಮಧ್ಯಾಹ್ನದ ಊಟ ನೆನಪಿತ್ತು, ಲಿಫ್ಟ್ ಕೆಟ್ಟದ್ದು ನೆನಪಿತ್ತು. ಒಬ್ಬಳು ಮಾತ್ರ ಅಂಜುತ್ತ, “ಸರ್, ನಾ ಕಡೇ ನಾಕ್ ಹಾಲ್ ನೋಡೇ ಇಲ್ಲರಿ. ಕಾಲ್ ನೋಯಾಕತ್ತಿದ್ವು, ಕೂತಬಿಟ್ಟೆ. ಎದುರಿಗೆ ಒಂದ ಫೋಟೊ ಇತ್ತು, ಅದನ್ನ ನೋಡಕೋತ ಕೂತಿದ್ದೆ” ಅಂದಳು. ಆಮೇಲೆ ಆ ಒಂದು ಫೋಟೊದ ಬಗ್ಗೆ, ಅದರೊಳಗಿನ ಕಿಟಕಿ, ಕಿಟಕಿಯ ಬೆಳಕು ಬಿದ್ದ ಹಾಸಿಗೆ, ಹಾಸಿಗೆಯ ಮೇಲೆ ಯಾರೋ ಮಲಗಿ ಎದ್ದುಹೋದ ತಗ್ಗು, ಹತ್ತು ನಿಮಿಷ ಮಾತಾಡಿದಳು. ಉಳಿದ 21 ಜನ ಬಾಯಿ ಬಿಟ್ಟುಕೊಂಡು ಕೇಳಿದರು. ನನ್ನ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

ಬನಶಂಕರಿ ಜಾತ್ರೆಗೆ ಹೋದವರು ಇಡೀ ಜಾತ್ರೆ ನೋಡಿದೆ ಅನ್ನುವುದಿಲ್ಲ. ತೇರು ನೋಡಿದೆ, ರಾತ್ರಿ ಒಂದು ಕಂಪನಿ ನಾಟಕ ನೋಡಿದೆ ಅನ್ನುತ್ತಾರೆ. ಫೋಟೊ ಉತ್ಸವಕ್ಕೂ ಅದೇ ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ ಮೂರು ಪ್ರದರ್ಶನ, ಅದರ ಮೇಲೆ ಒಂದೂ ಬೇಡ.

ಎಲ್ಲಿಗೆ ಎಂಬುದಕ್ಕೆ ಬರುತ್ತೇನೆ. ಈ ಬಗೆಯ ಉತ್ಸವಗಳ ಹಿರಿಯಣ್ಣ ಫ್ರಾನ್ಸಿನ ಆರ್ಲ್ ಎಂಬ ಸಣ್ಣ ಊರಿನದು. 1970ರಲ್ಲಿ ಛಾಯಾಗ್ರಾಹಕ ಲೂಸಿಯಾಂ ಕ್ಲೆರ್ಗ್, ಕಾದಂಬರಿಕಾರ ಮಿಶೆಲ್ ತೂರ್ನಿಯೆ, ಇತಿಹಾಸಕಾರ ಜ್ಯಾಂ ಮೊರೀಸ್ ರೂಕೆತ್ ಸೇರಿ ಶುರುಮಾಡಿದ್ದು. ರೋಮನ್ನರ ಕಾಲದ ಕಲ್ಲುಕಟ್ಟಡಗಳ ಊರು, ನಮ್ಮ ಬಾದಾಮಿಯ ಹಾಗೆ ಅನ್ನಿ. ಬೇಸಿಗೆ ಬಂತೆಂದರೆ ಹಳೆಯ ಚರ್ಚು, ಬಿಟ್ಟುಹೋದ ರೈಲ್ವೆ ವರ್ಕ್‌ಶಾಪುಗಳೆಲ್ಲ ಪ್ರದರ್ಶನದ ಮನೆಗಳಾಗುತ್ತವೆ. ನಮ್ಮ ಕಡೆ ಢಾಕಾದಲ್ಲಿ ಛಾಯಾಗ್ರಾಹಕ ಶಹೀದುಲ್ ಆಲಂ ಮುಂದೆ ನಿಂತು 2000ದಲ್ಲಿ ಛೋಬಿ ಮೇಳ ಆರಂಭಿಸಿದರು. ಅವೆರಡೂ ನಿಮ್ಮ ಬುತ್ತಿಗೆ ನಿಲುಕುವ ದೂರವಲ್ಲ, ಬಿಡಿ.

ಇಳಕಲ್, ವಿಜಯಪುರದವರಿಗೆ ಹತ್ತಿರದ್ದು ಹೈದರಾಬಾದಿನ ಇಂಡಿಯನ್ ಫೋಟೊ ಫೆಸ್ಟಿವಲ್. 2015ರಿಂದ ನಡೆಯುತ್ತಿದೆ, ಚಳಿಗಾಲದಲ್ಲಿ, ಮುಖ್ಯವಾಗಿ ಮಾಧಾಪುರದ ಸ್ಟೇಟ್ ಆರ್ಟ್ ಗ್ಯಾಲರಿಯಲ್ಲಿ. ಒಂದೇ ಸೂರಿನಡಿ ಹೆಚ್ಚಿನದು ಸಿಗುವುದರಿಂದ ಮೊದಲ ಸಲ ಹೋಗುವವರಿಗೆ ಅಲೆದಾಟ ಕಡಿಮೆ. ಒಂದು ರಾತ್ರಿಯ ಬಸ್ಸು. ಬೆಳಗಾವಿಯವರು ಕೇಳಿದರೆ ಪಣಜಿ ಅನ್ನುತ್ತೇನೆ: ಡಿಸೆಂಬರಿನಲ್ಲಿ ಸೆರೆಂಡಿಪಿಟಿ ಆರ್ಟ್ಸ್ ಫೆಸ್ಟಿವಲ್, 2016ರಿಂದ. ಅದು ಬರೀ ಫೋಟೊದ್ದಲ್ಲ; ನಾಟಕ, ಸಂಗೀತ, ಅಡುಗೆ, ಕರಕುಶಲ ಎಲ್ಲದರ ನಡುವೆ ಫೋಟೊಗ್ರಫಿಯೂ ಒಂದು. ಚೋರ್ಲಾ ಘಾಟು ಇಳಿದರೆ ಆಯಿತು, ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಅಲ್ಲಿರುತ್ತೀರಿ. ಆದರೆ ಗದ್ದಲ ಜಾಸ್ತಿ, ಸಂಜೆಯಾದರೆ ಎಲ್ಲರೂ ಸಂಗೀತದ ಕಡೆ ಓಡುತ್ತಾರೆ.

ನನ್ನನ್ನು ಕೇಳಿದರೆ ಚೆನ್ನೈ ಫೋಟೊ ಬಿಯೆನಾಲೆ. ದೂರ ಹೌದು, ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯಬೇಕು. ಆದರೆ ಅದು ಊರನ್ನೇ ಗೋಡೆ ಮಾಡಿಕೊಂಡ ಉತ್ಸವ. 2016ರ ಮೊದಲ ಸಲ ಲೋಕಲ್ ರೈಲಿನ ನಿಲ್ದಾಣದಲ್ಲೇ ಚಿತ್ರ ತೂಗುಹಾಕಿದ್ದರು. 2019ರಲ್ಲಿ ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅದರ ನಿರ್ದೇಶಕಿ. ಮದರಾಸು ವಿಶ್ವವಿದ್ಯಾಲಯದ ಹಳೆಯ ಸೆನೆಟ್ ಹೌಸಿನ ಒಳಗೆ ಫೋಟೊಗಳು ಬಂದು ಕೂತವು. ಮುಂದೆ 2021–22ರಲ್ಲಿ ಒಮ್ಮೆ, 2024–25ರಲ್ಲಿ ಒಮ್ಮೆ. ಕೊನೆಯದಕ್ಕೆ ಇಟ್ಟ ವಿಷಯವೇ ‘ಫೋಟೊ ಏಕೆ ತೆಗೆಯಬೇಕು?’ ಎಂಬ ಪ್ರಶ್ನೆ. ಬಿಯೆನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ಎಂದರ್ಥ. ಇಸವಿಗಳನ್ನು ನೋಡಿದರೆ ಆ ಲೆಕ್ಕ ಎಷ್ಟು ಸಡಿಲ ಎಂದು ನಿಮಗೇ ತಿಳಿಯುತ್ತದೆ. ದಿಲ್ಲಿಯಲ್ಲಿ 2011, 2013, 2015ರಲ್ಲಿ ನಡೆದ ಫೋಟೊ ಉತ್ಸವದ ಹೆಸರು ಹಳೆಯ ಲೇಖನಗಳಲ್ಲಿ ಈಗಲೂ ಸಿಗುತ್ತದೆ, ಅದನ್ನು ನೋಡಿ ಟಿಕೆಟ್ ತೆಗೆಸಬೇಡಿ. ಈ ವರ್ಷದ ದಿನಾಂಕ ಅವರೇ ಪ್ರಕಟಿಸುವ ತನಕ ಮನೆಯಲ್ಲಿ ಬಾಯಿಬಿಡದಿರುವುದೇ ಒಳ್ಳೆಯದು.

ಖರ್ಚಿನ ಗೆರೆಯನ್ನು ಮೊದಲೇ ಎಳೆದುಕೊಳ್ಳಿ, ಗುಂಪಿನಲ್ಲಿ ಯಾರ ಕೈ ಬಿಗಿ ಇದೆಯೋ ಅವರ ಲೆಕ್ಕಕ್ಕೆ. ಶೈಕ್ಷಣಿಕ ಪ್ರವಾಸಕ್ಕೆ ರೈಲ್ವೆಯಲ್ಲಿ ವಿದ್ಯಾರ್ಥಿ ರಿಯಾಯಿತಿ ಇದೆ. ಸಂಸ್ಥೆಯ ಮುಖ್ಯಸ್ಥರ ಸಹಿ, ಮೊಹರು ಇರುವ ಪತ್ರ ಹಿಡಿದು ಸ್ಟೇಷನ್ ಕೌಂಟರಿಗೇ ಹೋಗಿ ಕೇಳಬೇಕು. ಮೊಬೈಲಿನಲ್ಲಿ ತೆಗೆಸುವುದಾದರೆ ಐಆರ್‌ಸಿಟಿಸಿಯ ಒಂದು ಟಿಕೆಟ್ಟಿಗೆ ಆರೇ ಹೆಸರು. ಏಳನೆಯವರು ಒಂಟಿಯಾಗಿ ಬೇರೆ ಬೋಗಿಗೆ ಬೀಳಬಹುದು, ನಾಲ್ಕು-ಮೂರು ಮಾಡಿಕೊಳ್ಳಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು. ಇದನ್ನೆಲ್ಲ ನಾನು ಹೇಳಬೇಕೆ?

ಹೊರಡುವ ಮುಂಚೆ ಒಂದು ತಾಲೀಮು ಆಗಲೇಬೇಕು, ಅದು ನಿಮ್ಮ ಅಂಗಳದಲ್ಲೇ ಆಗುತ್ತದೆ. ಫೋಟೊಗ್ರಫಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. 16 ವರ್ಷ ಕಳೆಯುವುದರೊಳಗೆ, 1855ರಲ್ಲಿ, ವಿಜಯಪುರದಲ್ಲಿ ಕ್ಯಾಮೆರಾ ನಿಂತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್ ಎಂಬವನನ್ನು ಸರ್ಕಾರಿ ಛಾಯಾಗ್ರಾಹಕನೆಂದು ನೇಮಿಸಿ ಕಳಿಸಿದ್ದರು. ವಿಜಯಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್‌ನಲ್ಲಿ ಹಿಡಿದ. ವರ್ಷ ತುಂಬುವುದರೊಳಗೆ ಸೈನ್ಯ ವಾಪಸು ಕರೆಸಿಕೊಂಡಿತು, ಕೆಲಸ ಡಾಕ್ಟರ್ ಪಿಗೌ ಎಂಬವನ ಕೈಗೆ ಹೋಯಿತು. ಆ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದಾಗ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯೂಸನ್ನನದು. ಅಂದರೆ ಫೋಟೊಗ್ರಫಿ ನಮಗೆ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ನಿಧಾನಕ್ಕೆ ಹರಿದುಬಂದ ವಿದ್ಯೆಯಲ್ಲ, ಶುರುವಿನ ದಿನಗಳಲ್ಲೇ ನಮ್ಮ ಕಲ್ಲುಗಳ ಮುಂದೆ ಬಂದು ನಿಂತದ್ದು. ಆ ಕ್ಯಾಮೆರಾ ಯಾರದಾಗಿತ್ತು, ಯಾರಿಗಾಗಿ ತೆಗೆಯುತ್ತಿತ್ತು ಎಂಬುದನ್ನೂ ನೀವು ಕೇಳಬೇಕು, ಆ ಮಾತಿಗೆ ಆಮೇಲೆ ಬರುತ್ತೇನೆ.

ಒಂದು ಭಾನುವಾರ ಏಳೂ ಜನ ವಿಜಯಪುರದಲ್ಲಿ ಸೇರಿ. ಆ ಹಳೆಯ ಚಿತ್ರಗಳಲ್ಲಿ ಎರಡು ಮೂರನ್ನು ಪ್ರಿಂಟ್ ಹಾಕಿಸಿಕೊಂಡು ತನ್ನಿ. ಬಿಗ್ಸ್ ಕ್ಯಾಮೆರಾ ಇಟ್ಟ ಜಾಗ ಹುಡುಕಿ ನಿಲ್ಲಿ. ಆಗಿನ ಕಾಗದದ ನೆಗೆಟಿವ್‌ಗೆ ಬೆಳಕು ತಾಗಲು ಬಹಳ ಹೊತ್ತು ಬೇಕಿತ್ತು, ಓಡಾಡುವ ಜನ ಅದರಲ್ಲಿ ಉಳಿಯುತ್ತಿರಲಿಲ್ಲ. ಹಾಗಾಗಿ ಊರು ಪಾಳುಬಿದ್ದಂತೆ ಕಾಣುತ್ತದೆ. ಪಾಳು ಎಷ್ಟು ನಿಜ, ಎಷ್ಟು ತಂತ್ರದ ಮಿತಿ? ಅಲ್ಲೇ ಹುಲ್ಲಿನ ಮೇಲೆ ಕೂತು ಒಂದು ತಾಸು ಇದನ್ನೇ ಮಾತಾಡಿ. ಹೀಗೆ ಒಂದು ಚಿತ್ರದ ಮೇಲೆ ಒಂದು ತಾಸು ಮಾತಾಡಲು ಬಂದವರಿಗೆ ಯಾವ ಉತ್ಸವವೂ ಭಾರವಲ್ಲ. ಬಾರದವರಿಗೆ ಚೆನ್ನೈಗೆ ಹೋದರೂ ಸಮುದ್ರವೇ ನೆನಪುಳಿಯುವುದು.

ಉತ್ಸವದಲ್ಲಿ ಏನು ಮಾಡಬೇಕು? ಮೊದಲ ಸುತ್ತು ಒಬ್ಬೊಬ್ಬರೇ, ಮಾತಿಲ್ಲದೆ, ಮೊಬೈಲು ಚೀಲದಲ್ಲಿ. ನಿಮ್ಮನ್ನು ಹಿಡಿದು ನಿಲ್ಲಿಸಿದ ಚಿತ್ರ, ಅಥವಾ ಸಿಟ್ಟು ತರಿಸಿದ ಚಿತ್ರ, ಒಂದನ್ನು ಗುರುತು ಮಾಡಿಕೊಳ್ಳಿ. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರೂ ಉಳಿದ ಆರು ಜನರನ್ನು ತಮ್ಮ ಚಿತ್ರದ ಮುಂದೆ ಕರೆದೊಯ್ಯಬೇಕು. ಕರೆದವರು ಕೊನೆಗೆ ಮಾತಾಡಬೇಕು. ಮೊದಲು ಉಳಿದವರು ಕಂಡದ್ದನ್ನು ಹೇಳಲಿ. “ಚೆನ್ನಾಗಿದೆ” ಅನ್ನುವ ಮಾತಿಗೆ ಹತ್ತು ರೂಪಾಯಿ ದಂಡ ಇಡಿ, ಸಂಜೆಯ ಚಹಾಕ್ಕೆ ಆಗುತ್ತದೆ. ಮೂರನೇ ಸುತ್ತಿಗೆ ಮೊಬೈಲು ತೆಗೆಯಿರಿ. ಚಿತ್ರದ ಚಿತ್ರ ತೆಗೆಯುವ ಗೋಜು ಬೇಡ, ಗೋಡೆಯನ್ನು ತೆಗೆಯಿರಿ: ಎಷ್ಟು ಎತ್ತರಕ್ಕೆ ತೂಗುಹಾಕಿದ್ದಾರೆ, ದೀಪ ಎಲ್ಲಿದೆ, ಚೌಕಟ್ಟು ಇದೆಯೋ ಮೊಳೆ ಹೊಡೆದಿದ್ದಾರೋ. ಅಳತೆಯನ್ನು ಗೇಣಿನಲ್ಲಿ ಬರೆದುಕೊಳ್ಳಿ, ಮುಟ್ಟದೆ, ಗಾಳಿಯಲ್ಲೇ ಗೇಣು ಹಾಕಿ. ನಿಮ್ಮ ಕೈಗೆ ಅಳತೆ ಬಂದರೆ ನಾಳೆ ನಿಮ್ಮ ಫೋಟೊ ಎಷ್ಟು ದೊಡ್ಡದಿರಬೇಕು ಎಂಬುದು ಲ್ಯಾಬಿನವರು ಹೇಳಿದ ಸೈಜಿನ ಮೇಲೆ ನಿಲ್ಲುವುದಿಲ್ಲ.

ಮೇಷ್ಟ್ರು ಯಾರಾದರೂ ಜೊತೆಗೆ ಬಂದರೆ ಬರಲಿ, ಹಿಂದೆ ನಡೆಯಲಿ.

ಒಂದು ಆಘಾತಕ್ಕೆ ಸಿದ್ಧರಾಗಿ. ನಮ್ಮ ನಾಡಿನಲ್ಲಿ ಫೋಟೊಗ್ರಫಿ ಅಂದರೆ ಬಹಳ ಕಾಲದಿಂದ ಸಲೋನ್ ಸ್ಪರ್ಧೆ, ಅಂದರೆ ಬಿಡಿ ಚಿತ್ರಗಳಿಗೆ ಬಹುಮಾನ ಕೊಡುವ ಫೋಟೊ ಸ್ಪರ್ಧೆ, ಮತ್ತು ವನ್ಯಜೀವಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ದೊಡ್ಡವರ ನೆರಳು ಅದು, ನನಗೂ ಅದರ ಮೇಲೆ ಗೌರವವಿದೆ. ಅಲ್ಲಿ ಒಂದೊಂದು ಚಿತ್ರವೂ ತಾನೇ ಗೆಲ್ಲಬೇಕು: ಹಕ್ಕಿಯ ಕಣ್ಣು ಚೂಪಾಗಿರಬೇಕು, ಬೆಳಕು ಬಂಗಾರದಂತಿರಬೇಕು. ಉತ್ಸವದ ಗೋಡೆಯ ಮೇಲೆ ಮಸುಕಾದ ಅಡುಗೆಮನೆ, ಖಾಲಿ ಕುರ್ಚಿ, ಯಾರದೋ ಅಜ್ಜಿಯ ಔಷಧ ಚೀಟಿ ಕಂಡರೆ, “ಇದೇನ್ ಫೋಟೊರಿ? ಇದನ್ನ ನಾನೂ ತೆಗೀತೀನಿ” ಅನ್ನುವ ಮಾತು ಗುಂಪಿನಲ್ಲಿ ಬಂದೇ ಬರುತ್ತದೆ. ಬರಲಿ, ಯಾರೂ ಅವರ ಬಾಯಿ ಮುಚ್ಚಿಸಬಾರದು. ಆ ಚಿತ್ರ ಒಂಟಿಯಾಗಿ ಏನೂ ಅಲ್ಲದಿರಬಹುದು. ಎಡಕ್ಕಿರುವುದು, ಬಲಕ್ಕಿರುವುದು ಸೇರಿಸಿ ಓದಿ. ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಕೂಡಿಸುತ್ತೀರಲ್ಲ, ಆ ಕೊಂಡಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದಿಲ್ಲದೆ ಸೀರೆಯಿಲ್ಲ. ಎರಡು ಫೋಟೊಗಳ ನಡುವೆ ಅಂಥದ್ದನ್ನು ಹುಡುಕಿ. ಸಿಗದಿದ್ದರೆ, ಪ್ರದರ್ಶನ ಸೋತಿದೆ ಎಂದು ಧೈರ್ಯವಾಗಿ ಬರೆಯಿರಿ. ಉತ್ಸವಕ್ಕೆ ಬಂದದ್ದೆಲ್ಲ ಒಳ್ಳೆಯದೇ ಆಗಿರುವುದಿಲ್ಲ.

ಕ್ಯಾಮೆರಾ ಯಾರದು ಎಂದೆನಲ್ಲ. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ 2000ದಿಂದ 2004ರ ನಡುವೆ ಮಾಡಿದ ಒಂದು ಚಿತ್ರಮಾಲೆ ಇದೆ. ರವಿವರ್ಮನ ಲಕ್ಷ್ಮಿಯಾಗಿ, ಬ್ರಿಟಿಷರು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ಹಿಡಿದ ಬುಡಕಟ್ಟು ಹೆಂಗಸಾಗಿ, ತಾವೇ ವೇಷ ಹಾಕಿ ನಿಂತಿದ್ದಾರೆ. ಹೋಗುವ ಮುಂಚೆ ಇದೊಂದನ್ನು ನೋಡಿಕೊಳ್ಳಿ, ಮೊಬೈಲಿನಲ್ಲೇ ಸರಿ. ಬಿಗ್ಸ್‌ನ ಪಕ್ಕ ಇಟ್ಟು ನೋಡಿದರೆ, ಕ್ಯಾಮೆರಾದ ಎದುರು ನಿಲ್ಲಿಸಲ್ಪಟ್ಟವರು ಒಂದು ದಿನ ಅದರ ಹಿಂದಕ್ಕೂ ಹೋಗಿ ನಿಂತರೆ ಏನಾಗುತ್ತದೆ ಎಂಬುದು ತಿಳಿಯುತ್ತದೆ.

ಭಾಷೆಯ ಮಾತು ನೀವು ಕೇಳಿಲ್ಲ, ಆದರೆ ನನಗೆ ಗೊತ್ತು. ಗೋಡೆಯ ಬರಹ ಇಂಗ್ಲಿಷಿನಲ್ಲಿರುತ್ತದೆ, ಅದೂ ಇಂಗ್ಲಿಷ್ ಬಲ್ಲವರಿಗೂ ತಲೆ ತಿರುಗುವಂಥ ಇಂಗ್ಲಿಷು. ನಮ್ಮ ಕಡೆಯ ಹುಡುಗರು ಅದರ ಮುಂದೆ ಕುಗ್ಗಿಬಿಡುತ್ತಾರೆ, ಓದಲಾಗದಿದ್ದರೆ ಚಿತ್ರವೂ ತಮ್ಮದಲ್ಲ ಅಂದುಕೊಳ್ಳುತ್ತಾರೆ. ಬರಹಕ್ಕೆ ಬೆನ್ನು ತಿರುಗಿಸಿ ಮೊದಲು ಚಿತ್ರ ನೋಡಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾರಿಗೆ ಇಂಗ್ಲಿಷ್ ಸಲೀಸೋ ಅವರು ಅದನ್ನು ಓದಿ ಕನ್ನಡದಲ್ಲಿ ಹೇಳಲಿ. ಹೇಳಲು ಹೋದಾಗಲೇ ಎಷ್ಟು ಸಾಲು ಬರೀ ಗಾಳಿ ಎಂಬುದು ಗೊತ್ತಾಗುತ್ತದೆ. ನಿಮಗೆ ನಗು ಬಂದರೆ ಅದರಲ್ಲಿ ತಪ್ಪೇನಿಲ್ಲ. ಛಾಯಾಗ್ರಾಹಕರು ಅಲ್ಲೇ ಇದ್ದರೆ ಕನ್ನಡ, ಹಿಂದಿ, ಹರಕು ಇಂಗ್ಲಿಷ್, ಯಾವುದರಲ್ಲಾದರೂ ಒಂದು ಪ್ರಶ್ನೆ ಕೇಳಿ. “ಇದನ್ನ ಇಷ್ಟ ಸಣ್ಣದ ಯಾಕ ಮಾಡೀರಿ?” ಎಂಬ ಪ್ರಶ್ನೆಗೆ ಅವರು ಖುಷಿಯಿಂದ ಅರ್ಧ ತಾಸು ಉತ್ತರ ಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಪೋರ್ಟ್‌ಫೋಲಿಯೊ ರಿವ್ಯೂ ಎಂದು ಕೆಲವು ಉತ್ಸವಗಳಲ್ಲಿ ಇರುತ್ತದೆ, ದುಡ್ಡು ಕಟ್ಟಿ ಹದಿನೈದಿಪ್ಪತ್ತು ನಿಮಿಷ ಹಿರಿಯರಿಗೆ ಕೆಲಸ ತೋರಿಸುವುದು. ಮೊದಲ ಸಲಕ್ಕೆ ಬೇಡ. ಅದೇ ಹೊತ್ತು ಫೋಟೊಬುಕ್, ಅಂದರೆ ಫೋಟೊಗಳನ್ನೇ ಜೋಡಿಸಿ ಮಾಡಿದ ಪುಸ್ತಕ, ಇಟ್ಟಿರುವ ಮೇಜಿನ ಬಳಿ ಕೂತು ಎರಡು ಪುಸ್ತಕ ಮೊದಲಿಂದ ಕೊನೆಯವರೆಗೆ ತಿರುವಿಹಾಕಿ.

ಬಂದ ಮೇಲೆ ‘ನಾವು ಇಂಥ ದಿನ ಹೊರಟೆವು, ಇಂಥ ಹೋಟೆಲಿನಲ್ಲಿ ತಿಂದೆವು’ ಎಂಬ ಪ್ರವಾಸ ವರದಿ ಬರೆಯಬೇಡಿ. ಒಂದು ವಾರದೊಳಗೆ, ಒಂದೇ ಚಿತ್ರದ ಮೇಲೆ ಎರಡು ಪುಟ. ಆಮೇಲೆ ಅದಕ್ಕೆ ಉತ್ತರವಾಗಿ ನಿಮ್ಮ ಓಣಿಯಲ್ಲಿ ಐದು ಫೋಟೊ. ಏಳು ಜನಕ್ಕೆ 35 ಆದವು. ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅನುಮತಿ ಕೇಳಿ ಒಂದು ಕಟ್ಟೆಯ ಮೇಲೆ, ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪಿನಲ್ಲಿ ತೂಗುಹಾಕಿ. ಬೆಂಡು ಬತ್ತಾಸು ಕೊಳ್ಳಲು ಬಂದವರು ನಿಂತು ನೋಡುತ್ತಾರೋ, ದಾಟಿ ಹೋಗುತ್ತಾರೋ, ದೂರ ನಿಂತು ನೋಡಿ. ಯಾವ ಪರೀಕ್ಷಕರ ಶಾಯಿಗಿಂತಲೂ ಅದು ಖಡಕ್ಕು.

ಕೊನೆಯದಾಗಿ ಮನೆಯವರ ವಿಷಯ. ಒಂದು ಸಲ ಒಬ್ಬ ವಿದ್ಯಾರ್ಥಿನಿಯನ್ನು ಒಬ್ಬಳೇ ಕಳಿಸಲು ಮನಸ್ಸಿಲ್ಲದೆ ಅವಳ ತಂದೆಯೂ ಜೊತೆಗೆ ಬಂದಿದ್ದರು. ದರ್ಜಿ ಕೆಲಸದವರು. ಮೊದಲ ದಿನ ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತರು. ಎರಡನೇ ದಿನ ಬಿಸಿಲು ಜಾಸ್ತಿಯಾಗಿ ಒಳಗೆ ಬಂದರು. ಒಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತು, ಬೆರಳಿನಿಂದ ಗಾಳಿಯಲ್ಲಿ ಅಳೆದು, ಮಗಳನ್ನು ಕೇಳಿದರು: “ಎಲ್ಲಾದರ ನಡುವ ನಾಕ್ ಬಟ್ಟ ಜಾಗ ಐತಿ. ಈ ಎರಡರ ನಡುವ ಮಾತ್ರ ಒಂದ ಮೊಳ ಬಿಟ್ಟಾರ. ಅಲ್ಲೇನೋ ಒಂದ ಫೋಟೊ ತಗದಾರೇನು?” ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಆ ಖಾಲಿ ಮೊಳದ ಬಗ್ಗೆಯೇ ರಾತ್ರಿ ಊಟದ ತನಕ ಚರ್ಚೆಯಾಯಿತು.

ಹಾಗಾಗಿ “ಮೊಬೈಲಿನ್ಯಾಗ ಕಾಣತಾವಲ್ಲ” ಅಂದವರು ನಿಮ್ಮ ಮನೆಯಲ್ಲಿ ಯಾರೋ, ಅವರ ಹೆಸರನ್ನೂ ಪಟ್ಟಿಗೆ ಬರೆದುಕೊಳ್ಳಿ. ಎಂಟು ಜನರಾದರೆ ಟಿಕೆಟ್ಟೂ ನಾಲ್ಕು-ನಾಲ್ಕು ಸರಿಯಾಗಿ ಒಡೆಯುತ್ತದೆ.